ಮುರಿದ ಉಗುರಿಗೆ ಸೂಪರ್ ಗ್ಲೂ, ಅದರ ಮೇಲೆ ಹತ್ತಿ: ದಯವಿಟ್ಟು ಈ ಪ್ರಯೋಗ ಬೇಡ

ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಚರ್ಮವನ್ನು ಸುಡುವಷ್ಟು ಶಾಖ ಹುಟ್ಟುತ್ತದೆ. ಕೆಲವೊಮ್ಮೆ ಹೊಗೆಯೂ ಏಳುತ್ತದೆ. ಮುರಿದ ಉಗುರನ್ನು ಮನೆಯಲ್ಲೇ ಅಂಟಿಸಿಕೊಳ್ಳಲು ಹೊರಟವರು ಮುಂದಿನದನ್ನು ಓದದಿದ್ದರೂ ಇದೊಂದನ್ನು ತಿಳಿದಿರಲಿ ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ. ನನ್ನ ತಂಗಿಯ ಬಲಗೈ ಹೆಬ್ಬೆರಳಿಗೆ ಆದದ್ದನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಒಲೆ, ಇಸ್ತ್ರಿ, ಗ್ಯಾಸ್ ಯಾವುದರ ವಿಷಯದಲ್ಲೂ ಅವಳು ನಮ್ಮೆಲ್ಲರಿಗಿಂತ ಹೆಚ್ಚು ಜಾಗ್ರತೆ ವಹಿಸುವವಳು. ಆದರೆ ಹತ್ತಿಯಿಂದ ಬೆರಳು ಸುಡಬಹುದೆಂದು ಯಾರಿಗೆ ತಾನೆ ಹೊಳೆದೀತು?

ಹೊಸದಾಗಿ ಬಂದ ಗ್ಯಾಸ್ ಸಿಲಿಂಡರಿನ ಬಾಯಿಯ ಪ್ಲಾಸ್ಟಿಕ್ ಸೀಲನ್ನು ಉಗುರಿನಿಂದ ಎಬ್ಬಿಸಲು ಹೋದಾಗ ಅವಳ ಹೆಬ್ಬೆರಳಿನ ಉಗುರು ಅಡ್ಡಲಾಗಿ ಸೀಳಿತು. ಒಂದು ಬದಿಯಲ್ಲಿ ಸೀಳು ಬೆರಳ ತುದಿಯಿಂದಾಚೆಗಿನ ಬಿಳಿ ಭಾಗದಲ್ಲೇ ಇತ್ತು. ಇನ್ನೊಂದು ಬದಿಯಲ್ಲಿ ಅದು ಮಾಂಸಕ್ಕೆ ಅಂಟಿಕೊಂಡಿರುವ ಗುಲಾಬಿ ಭಾಗದವರೆಗೆ ಇಳಿದು, ಒಂದಿಷ್ಟು ರಕ್ತವೂ ಜಿನುಗಿತ್ತು. ಮಗುವಿನ ನಾಮಕರಣ ಹತ್ತಿರದಲ್ಲೇ ಇದ್ದುದರಿಂದ, ಸೀರೆಯ ಜರಿಗೆ ಸಿಕ್ಕಿಕೊಳ್ಳುತ್ತಿದ್ದ ಆ ತುಂಡನ್ನು ಕತ್ತರಿಸಿ ಎಸೆಯದೆ ಹೇಗಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಅವಳದು. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಕಿರು ವಿಡಿಯೊ ಒಂದರಲ್ಲಿ, ಟೀ ಬ್ಯಾಗಿನ ಕಾಗದದ ಚೂರನ್ನು ಅಂಟಿನಿಂದ ಸೀಳಿನ ಮೇಲೆ ಕೂರಿಸಿ, ಒಣಗಿದ ಬಳಿಕ ಉಜ್ಜಿ ನಯಗೊಳಿಸುವುದನ್ನು ತೋರಿಸಿದ್ದರು. ನಮ್ಮದು ಫಿಲ್ಟರ್ ಕಾಫಿಯ ಮನೆ, ಟೀ ಬ್ಯಾಗ್ ಎಲ್ಲಿಂದ ಬರಬೇಕು? ಚಪ್ಪಲಿ ಅಂಟಿಸಲೆಂದು ತಂದಿಟ್ಟಿದ್ದ ಸೂಪರ್ ಗ್ಲೂ ಮಾತ್ರ ಕೈಗೆ ಸಿಕ್ಕಿತು. ಕಾಗದದ ಬದಲಿಗೆ ದೇವರ ಮನೆಯ ಡಬ್ಬಿಯಿಂದ ಒಂದು ಹೂಬತ್ತಿ ತೆಗೆದು ಅದರ ಹತ್ತಿಯನ್ನು ಬಿಡಿಸಿಕೊಂಡಳು.

ಅಂಟಿನ ಮೇಲೆ ಹತ್ತಿಯನ್ನಿಟ್ಟು, ಅದು ಚೆನ್ನಾಗಿ ನೆನೆಯಲೆಂದು ಮೇಲಿನಿಂದ ಮತ್ತಷ್ಟು ಹನಿಸಿದ ಕೂಡಲೇ ತೆಳುವಾದ ಬಿಳಿ ಹೊಗೆ ಎದ್ದಿತು. ಕಣ್ಣು, ಮೂಗು ಉರಿಯುವಂಥ ಘಾಟು ಹರಡಿತು. ಅದರ ಹಿಂದೆಯೇ ಕಾದ ಬಾಣಲೆಗೆ ಬೆರಳು ತಾಗಿದಂಥ ಉರಿ ಶುರುವಾಯಿತು. ಬಾಣಲೆಯಾದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಇಲ್ಲಿ ಬಿಸಿಯಾದ ವಸ್ತುವೇ ಬೆರಳಿಗೆ ಅಂಟಿ ಕೂತಿತ್ತು. ಗಾಬರಿಯಲ್ಲಿ ಅವಳು ಹತ್ತಿಯನ್ನು ಕಿತ್ತೆಳೆದಾಗ, ಅಷ್ಟರಲ್ಲಾಗಲೇ ಗಟ್ಟಿಯಾಗಿದ್ದ ಅದರ ಜೊತೆಗೆ ಸೀಳಿದ ಉಗುರಿನ ಒಂದು ಪಾಲು ಕೆಳಗಿನ ಹಸಿ ಚರ್ಮದಿಂದ ಬಿಟ್ಟು ಮೇಲೆದ್ದಿತು.

ಇದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಸೂಪರ್ ಗ್ಲೂವಿನ ಮುಖ್ಯ ವಸ್ತು ಸಯನೋಅಕ್ರಿಲೇಟ್. ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್ ಸಂಸ್ಥೆಯ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತ್ತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಬದಿಗಿಟ್ಟರು, 1958ರಲ್ಲಿ ಅದನ್ನೇ ಅಂಟಾಗಿ ಮಾರುಕಟ್ಟೆಗೆ ತಂದರು. ಈ ದ್ರವವು ಇತರ ಗೋಂದುಗಳ ಹಾಗೆ ಗಾಳಿಗೆ ಒಣಗಿ ಹಿಡಿಯುವುದಿಲ್ಲ. ತೇವಾಂಶ ತಾಗಿದ ಕ್ಷಣ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿಗಳಾಗುತ್ತವೆ, ಆ ಕ್ರಿಯೆಯಲ್ಲಿ ಶಾಖ ಹೊರಬೀಳುತ್ತದೆ. ಗಾಜಿನ ಮೇಲೋ ಪ್ಲಾಸ್ಟಿಕ್ಕಿನ ಮೇಲೋ ತೆಳುವಾಗಿ ಸವರಿದಾಗ ಈ ಶಾಖ ನಮ್ಮ ಅರಿವಿಗೇ ಬರುವುದಿಲ್ಲ. ಹತ್ತಿಯಲ್ಲಾದರೋ ಲೆಕ್ಕವಿಲ್ಲದಷ್ಟು ಸಣ್ಣ ಎಳೆಗಳಿವೆ, ಎಳೆಎಳೆಯಲ್ಲೂ ತೇವಾಂಶವಿದೆ. ಅಂಟು ಆ ಎಳೆಗಳ ನಡುವೆ ಹರಡಿಕೊಂಡು ಎಲ್ಲ ಕಡೆ ಏಕಕಾಲಕ್ಕೆ ಗಟ್ಟಿಯಾಗುವುದರಿಂದ, ನಿಧಾನವಾಗಿ ಹೊರಬರಬೇಕಾದ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಹೊರಬರುತ್ತದೆ. ಉಣ್ಣೆಯ ಜೊತೆಗೂ ಇದೇ ಅಪಾಯವಿದೆ. ಉಗುರಿಗೆಂದು ಮಾರುವ, ಇದೇ ಸಯನೋಅಕ್ರಿಲೇಟಿನ ನೇಲ್ ಗ್ಲೂ ಹತ್ತಿಯ ಬಟ್ಟೆಯ ಮೇಲೆ ಚೆಲ್ಲಿ, ಬಟ್ಟೆಯ ಕೆಳಗಿನ ತೊಡೆ ಮತ್ತು ಕಾಲು ಆಳವಾಗಿ ಸುಟ್ಟುಹೋದ ಮಕ್ಕಳ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಾವು ತಂದಿದ್ದ ಕೊಳವೆಯ ಹೊದಿಕೆಯ ಮೇಲೆ ಇದರ ಬಗ್ಗೆ ಎಚ್ಚರಿಕೆ ಇತ್ತೇ ಎಂದು ಆಮೇಲೆ ನೋಡಿದೆವು. ಮುದ್ರಿಸಿದ್ದನ್ನು ಓದಲು ಭೂತಗನ್ನಡಿಯೇ ಬೇಕಾಗಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆಯ ಬದಲು ಅಂಟು ಹಾಕುತ್ತಾರಲ್ಲ, ಹಾಗಿದ್ದರೆ ಇದು ಗಾಯಕ್ಕೆ ಹೇಗೆ ಅಪಾಯ ಎಂದು ಕೇಳುವವರಿದ್ದಾರೆ. ನಮ್ಮ ಸೋದರತ್ತೆಯ ಮಗನೂ ಇದನ್ನೇ ವಾದಿಸಿದ. ಅಮೆರಿಕದಲ್ಲಿ 1998ರಲ್ಲಿ ಚರ್ಮದ ಗಾಯಕ್ಕೆ ಅನುಮತಿ ಪಡೆದ ಅಂಟು ಆಕ್ಟೈಲ್ ಸಯನೋಅಕ್ರಿಲೇಟ್. ಚಪ್ಪಲಿಗೆ ಬಳಸುವುದು ಬಹುಮಟ್ಟಿಗೆ ಈಥೈಲ್ ಸಯನೋಅಕ್ರಿಲೇಟ್. ಎರಡನೆಯದು ಹೆಚ್ಚು ಶಾಖ ಬಿಡುತ್ತದೆ ಮತ್ತು ಬೇಗ ಒಡೆದು, ಜೀವಕೋಶಗಳಿಗೆ ಹಾನಿ ಮಾಡುವ ಫಾರ್ಮಾಲ್ಡಿಹೈಡಿನಂಥ ವಸ್ತುಗಳನ್ನು ಹೊರಹಾಕುತ್ತದೆ. ವೈದ್ಯರ ಅಂಟು ಕ್ರಿಮಿರಹಿತವಾಗಿರುತ್ತದೆ, ಅದನ್ನೂ ಅವರು ತೊಳೆದು ಶುಚಿಗೊಳಿಸಿದ ಗಾಯದ ಅಂಚುಗಳನ್ನು ಕೂಡಿಸಿ ಹಿಡಿದು ಮೇಲ್ಭಾಗಕ್ಕಷ್ಟೇ ಹಚ್ಚುತ್ತಾರೆ. ನಮ್ಮ ಕೊಳವೆಯ ಮೂತಿ ಅಷ್ಟು ದಿನ ಚಪ್ಪಲಿಯ ಅಟ್ಟೆಗೆ ತಾಗಿಕೊಂಡಿತ್ತು.

ಮುಂದಿನ ಕಷ್ಟಕ್ಕೆ ಕಾರಣವಾದದ್ದು ಸುತ್ತಲಿದ್ದವರ ಪ್ರೀತಿ. ಒಬ್ಬರು ಟೂತ್‌ಪೇಸ್ಟ್ ಹಚ್ಚಿದರು. ಮರುದಿನ ಬೆರಳು ಬಾತುಕೊಂಡಾಗ, ಇದು ಉಗುರುಸುತ್ತು ಎಂದು ತೀರ್ಮಾನಿಸಿದ ಹಿರಿಯರೊಬ್ಬರು ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ನಮ್ಮ ಕಡೆ ಉಗುರುಸುತ್ತಿಗೆ ನಿಂಬೆಹಣ್ಣು ಹಾಕದ ಮನೆ ಅಪರೂಪ. ಆದರೆ ಉಗುರೆದ್ದು ಹಸಿ ಚರ್ಮ ತೆರೆದುಕೊಂಡಿರುವ, ಅದೂ ಸುಟ್ಟಿರುವ ಬೆರಳನ್ನು ಹುಳಿಯಲ್ಲಿ ಅದ್ದಿಟ್ಟರೆ ಗಾಯ ಇನ್ನಷ್ಟು ಕೆರಳುತ್ತದೆಯೇ ಹೊರತು ಒಳಗಿನ ಸೋಂಕು ಹೋಗುವುದಿಲ್ಲ. ಬೆರಳು ಟಿಸಿಟಿಸಿ ಮಿಡಿಯತೊಡಗಿ ಉಗುರಿನ ಪಕ್ಕದಲ್ಲಿ ಕೀವು ಕಟ್ಟಿದ ಮೇಲೆ ವೈದ್ಯರ ಬಳಿ ಹೋದೆವು. ಅವರು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೀವು ತೆಗೆದರು, ಅಂಟಿನ ಗಟ್ಟಿ ಪದರದ ಅಡಿಯಲ್ಲಿ ತೇವ ಮತ್ತು ರೋಗಾಣುಗಳು ಸಿಕ್ಕಿಹಾಕಿಕೊಂಡದ್ದನ್ನು ತೋರಿಸಿದರು. ನಾಮಕರಣದಲ್ಲಿ ಅವಳು ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು, ಎಡಗೈಯಲ್ಲಿ ಅಕ್ಷತೆ ಹಾಕುವಂತಿಲ್ಲವೆಂದು ಸುಮ್ಮನೆ ಕೂತಿದ್ದಳು. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ; ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳಾದರೂ ಬೇಕು. ಬೇರಿಗೆ ಪೆಟ್ಟಾಗಿದ್ದರೆ ಹೊಸ ಉಗುರು ಗೀರು ಬಿದ್ದೇ ಬರಬಹುದು ಎಂದು ವೈದ್ಯರು ಹೇಳಿದ್ದರು. ಅದೃಷ್ಟವಶಾತ್ ಹಾಗಾಗಲಿಲ್ಲ.

ಹಾಗಾದರೆ ಉಗುರು ಮುರಿದಾಗ ಏನು ಮಾಡಬೇಕು? ಮೊದಲು ನೋಡಬೇಕಾದದ್ದು ಮುರಿತ ಎಲ್ಲಿದೆ ಎಂಬುದನ್ನು. ಬಿಳಿ ಭಾಗದಲ್ಲಷ್ಟೇ ಇದ್ದರೆ ಅದು ಸತ್ತ ಕೆರಾಟಿನ್ ಪದರ, ನೋವಿಲ್ಲ, ರಕ್ತವಿಲ್ಲ. ನೇಲ್ ಕಟರಿನಿಂದ ಕತ್ತರಿಸಿ, ಸಣ್ಣ ತರಿಯ ನೇಲ್ ಫೈಲಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಮುಗಿಯಿತು. ಗುಲಾಬಿ ಭಾಗಕ್ಕೆ ಇಳಿದಿದ್ದರೆ, ವಿಶೇಷವಾಗಿ ರಕ್ತ ಬಂದಿದ್ದರೆ, ಅದನ್ನು ಗಾಯವೆಂದೇ ನೋಡಿಕೊಳ್ಳಬೇಕು. ಶುದ್ಧ ನೀರಿನಲ್ಲಿ ತೊಳೆದು, ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಪೂರ್ತಿ ಸಡಿಲವಾಗಿ ನೇತಾಡುವ ಚೂರನ್ನು ಮಾತ್ರ ಕತ್ತರಿಸಬಹುದು. ಇನ್ನೂ ಹಿಡಿದುಕೊಂಡಿರುವುದನ್ನು ಎಳೆಯಬಾರದು, ಏಕೆಂದರೆ ಕೆಳಗಿನ ಹಸಿ ಚರ್ಮಕ್ಕೆ ಆ ಉಗುರಿಗಿಂತ ಒಳ್ಳೆಯ ಹೊದಿಕೆ ಬೇರೆ ಇಲ್ಲ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಪಟ್ಟಿ ಕಟ್ಟಿದರೆ ಉಗುರು ತಾನಾಗಿಯೇ ಮುಂದೆ ಬೆಳೆಯುತ್ತಾ ಬರುತ್ತದೆ. ಗಾಯ ಕೊಳಕಾಗಿದ್ದು, ಕಳೆದ ಐದು ವರ್ಷಗಳಲ್ಲಿ ಟಿಟಿ ಇಂಜೆಕ್ಷನ್ ತೆಗೆದುಕೊಂಡಿರದಿದ್ದರೆ ಅದನ್ನು ಹಾಕಿಸಿಕೊಳ್ಳಬೇಕು. ಉಗುರು ಬುಡದಿಂದಲೇ ಕಿತ್ತುಬಂದಿದ್ದರೆ, ಕೆಳಗಿನ ಚರ್ಮ ಸೀಳಿದ್ದರೆ, ಬಾಗಿಲಿಗೆ ಸಿಕ್ಕಿ ಉಗುರಡಿಯಲ್ಲಿ ರಕ್ತ ಕಟ್ಟಿ ತಡೆಯಲಾರದ ನೋವಿದ್ದರೆ, ಕೀವು ಕಾಣಿಸಿದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮನೆಮದ್ದಿಗೆ ಒಂದು ದಿನವನ್ನೂ ಕಳೆಯದೆ ವೈದ್ಯರಲ್ಲಿಗೆ ಹೋಗುವುದು ಲೇಸು.

ಬಿಳಿ ಭಾಗದ ಸೀಳನ್ನು ಕೆಲವು ದಿನದ ಮಟ್ಟಿಗೆ ಉಳಿಸಿಕೊಳ್ಳಲೇಬೇಕು ಎನ್ನುವವರಿಗೆ ಟೀ ಬ್ಯಾಗಿನ ಕಾಗದದ ಉಪಾಯ ಸುಳ್ಳೇನಲ್ಲ. ಆದರೆ ಉಗುರಿಗೆಂದೇ ಮಾರುವ ನೇಲ್ ಗ್ಲೂ ಬಳಸಬೇಕು, ತೀರಾ ತೆಳುವಾಗಿ ಹಚ್ಚಬೇಕು, ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು. ನೇಲ್ ಗ್ಲೂ ಕೂಡ ಸಯನೋಅಕ್ರಿಲೇಟೇ ಆದ್ದರಿಂದ ಹತ್ತಿಯ ವಿಷಯದಲ್ಲಿ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ: ಚೆಲ್ಲಿದ ಹಸಿ ಅಂಟನ್ನು ಹತ್ತಿಯಿಂದಲೋ ಸೀರೆಯ ಸೆರಗಿನಿಂದಲೋ ಒರೆಸಬಾರದು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡರೆ ಎಳೆಯದೆ, ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸುತ್ತಾ ಬಿಡಿಸಬೇಕು. ಗಟ್ಟಿಯಾದ ಅಂಟನ್ನು ಅಸಿಟೋನ್ ಇರುವ ನೇಲ್ ಪಾಲಿಷ್ ರಿಮೂವರ್ ನಿಧಾನವಾಗಿ ಕರಗಿಸುತ್ತದೆ. ಗಾಯದ ಮೇಲೆ ಅದನ್ನು ಹಾಕುವಂತಿಲ್ಲ, ಒಲೆ ಅಥವಾ ದೀಪ ಉರಿಯುತ್ತಿರುವ ಕೋಣೆಯಲ್ಲಿ ಸೀಸೆಯ ಮುಚ್ಚಳವನ್ನೂ ತೆಗೆಯುವಂತಿಲ್ಲ, ಅದರ ಆವಿಗೆ ಕೂಡಲೇ ಬೆಂಕಿ ಹತ್ತಿಕೊಳ್ಳುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯುವುದೇ ಮದ್ದು. ಟೂತ್‌ಪೇಸ್ಟ್, ಕಾಫಿಪುಡಿ, ಮಂಜುಗಡ್ಡೆ ಯಾವುದೂ ಬೇಡ. ನೇಲ್ ಗ್ಲೂವಿನ ಪುಟ್ಟ ಸೀಸೆಯನ್ನು ಕಣ್ಣಿನ ಹನಿಮದ್ದೆಂದು ತಿಳಿದು ಕಣ್ಣಿಗೆ ಹಾಕಿಕೊಂಡವರೂ ಇದ್ದಾರೆ, ಆದ್ದರಿಂದ ಎರಡನ್ನೂ ಒಂದೇ ಕಡೆ ಇಡಬಾರದು. ಹಾಗೇನಾದರೂ ಆದರೆ ಬೆಚ್ಚಗಿನ ನೀರಿನಿಂದ ತೊಳೆಯುತ್ತಾ, ರೆಪ್ಪೆಗಳನ್ನು ಬಲವಂತದಿಂದ ಬಿಡಿಸದೆ, ಅಸಿಟೋನನ್ನು ಹತ್ತಿರಕ್ಕೂ ತರದೆ ಕಣ್ಣಿನ ವೈದ್ಯರ ಬಳಿ ಧಾವಿಸಬೇಕು.

ಅಂಟಿನ ಗೊಡವೆ ಬೇಡವೆಂದು ಆನ್‌ಲೈನಿನಲ್ಲಿ ಉಗುರಿಗೆ ಹಚ್ಚುವ ಅಗ್ಗದ ಜೆಲ್ ಕಿಟ್ ತರಿಸುವವರಿಗೂ ಒಂದು ಮಾತು. ಅವುಗಳಲ್ಲಿ ಹೆಚ್ಚಾಗಿ ಇರುವ ಹೆಮಾ (HEMA) ಎಂಬ ರಾಸಾಯನಿಕ, ಜೆಲ್ ಗಟ್ಟಿಮಾಡುವ ಯುವಿ ದೀಪದ ಕೆಳಗೆ ಪೂರ್ತಿ ಗಟ್ಟಿಯಾಗದೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಲ್ಲದು. ಒಮ್ಮೆ ಹುಟ್ಟಿದರೆ ಅದು ಬಹುತೇಕ ಜೀವನಪರ್ಯಂತ ಉಳಿಯುತ್ತದೆ, ಮುಂದೆ ಹಲ್ಲಿಗೆ ತುಂಬಿಸುವ ವಸ್ತುಗಳೂ ಒಗ್ಗದೆ ಹೋಗಬಹುದು. ಯುರೋಪಿನ ಒಕ್ಕೂಟ 2021ರಿಂದ ಹೆಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ನಿಯಮ ಮಾಡಿದೆ.

ಉಗುರು ಮುರಿಯದಂತೆ ನೋಡಿಕೊಳ್ಳುವುದರಲ್ಲಿ ದುಬಾರಿಯಾದದ್ದು ಏನೂ ಇಲ್ಲ. ನೀರಿನಲ್ಲಿ ನೆಂದಾಗ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾತ್ರೆ, ಬಟ್ಟೆ, ನೆಲ ಎಂದು ದಿನವಿಡೀ ಇದೇ ನಡೆದರೆ ಪದರಗಳು ಬಿಟ್ಟುಕೊಂಡು ತುದಿ ಹಾಳೆಹಾಳೆಯಾಗಿ ಸುಲಿಯುತ್ತದೆ. ಪಾತ್ರೆ ತೊಳೆಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳುವುದು, ಕೈ ಒರೆಸಿದ ಕೂಡಲೇ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಉಗುರಿನ ಬುಡಕ್ಕೂ ತುದಿಗೂ ತಿಕ್ಕುವುದು, ಸ್ನಾನವಾಗಿ ಉಗುರು ಮೆತ್ತಗಿರುವಾಗ ಕತ್ತರಿಸುವುದು, ಬುಡದ ತೆಳು ಚರ್ಮವನ್ನು ಕತ್ತರಿಸದೆ ಬಿಡುವುದು, ಇಷ್ಟರಿಂದಲೇ ಬಹಳ ವ್ಯತ್ಯಾಸ ಕಾಣುತ್ತದೆ. ಸಿಲಿಂಡರಿನ ಸೀಲಿಗೆ, ಡಬ್ಬಿಯ ಮುಚ್ಚಳಕ್ಕೆ, ಬೆಲೆಚೀಟಿಗೆ ಚಮಚದ ಹಿಡಿಯೋ ಹಳೆಯ ಕೀಲಿಕೈಯೋ ಇರುವಾಗ ಉಗುರನ್ನು ಸಲಕರಣೆ ಮಾಡಿಕೊಳ್ಳಬೇಕಾಗಿಲ್ಲ.

ಇಷ್ಟು ಮಾಡಿದರೂ ಎಲ್ಲ ಬೆರಳುಗಳ ಉಗುರೂ ಮತ್ತೆ ಮತ್ತೆ ಮುರಿಯುತ್ತಿದ್ದರೆ ಕಾರಣ ದೇಹದೊಳಗಿರಬಹುದು: ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಸೋರಿಯಾಸಿಸ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ನನ್ನ ತಂಗಿಯ ರಕ್ತ ಪರೀಕ್ಷೆಯಲ್ಲೂ ಅದೇ ಕಂಡಿತು. ಔಷಧದಂಗಡಿಯಲ್ಲಿ ಕೇಳಿದೊಡನೆ ಕೊಡುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಈ ಕೊರತೆಯನ್ನು ತುಂಬುವುದಿಲ್ಲ. ಅಲ್ಲದೆ ಹೆಚ್ಚಿನ ಪ್ರಮಾಣದ ಬಯೋಟಿನ್, ಥೈರಾಯ್ಡ್ ಪರೀಕ್ಷೆಯ ಹಾಗೂ ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಉಗುರಿಗಾಗಿಯೋ ಕೂದಲಿಗಾಗಿಯೋ ಅದನ್ನು ನುಂಗುತ್ತಿರುವವರು ರಕ್ತ ಕೊಡುವ ಮುನ್ನ ವೈದ್ಯರಿಗೂ ಲ್ಯಾಬಿನವರಿಗೂ ಆ ವಿಷಯ ತಿಳಿಸಬೇಕು.