ಎರಡನೇ ಎಚ್‌ಡಿಎಂಐ ಉಳಿಸಿದ ದುಡ್ಡು: 4ಕೆ ಬ್ಲೂ-ರೇ ಪ್ಲೇಯರ್ ಬಳಸಿ ನೋಡಿದ ಮೇಲೆ

ಹೊಸ 4ಕೆ ಬ್ಲೂ-ರೇ ಪ್ಲೇಯರ್ ತಗೊಳ್ಳುವಾಗ ನನಗಿದ್ದ ದೊಡ್ಡ ಚಿಂತೆ ರಿಸೀವರ್‌ದು. ರಿಸೀವರ್ ಅಂದರೆ ಪ್ಲೇಯರಿನಿಂದ ಬಂದ ಸೌಂಡನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ. ನನ್ನ 7.1 (ಏಳು ಸ್ಪೀಕರ್, ಒಂದು ಸಬ್‌ವೂಫರ್) ರಿಸೀವರ್ ಫುಲ್ ಎಚ್‌ಡಿ ಕಾಲದ್ದು. 4ಕೆ ಎಚ್‌ಡಿಆರ್ ಚಿತ್ರ ಅದನ್ನು ದಾಟಿ ಟಿವಿಗೆ ಹೋಗುವುದಿಲ್ಲ. ಚೆನ್ನಾಗಿ ನುಡಿಯುತ್ತಿರುವ ರಿಸೀವರ್ ಬದಲಿಸಲು ಮನಸ್ಸಿಲ್ಲ, ಅಷ್ಟು ದುಡ್ಡೂ ಇಲ್ಲ. ಸೌಂಡಿಗೆ ಮಾತ್ರ ಪ್ಲೇಯರಿನಿಂದ ರಿಸೀವರ್‌ಗೆ ಆಪ್ಟಿಕಲ್ ವೈರ್ ಹಾಕಬಹುದು, ನಿಜ. ಆದರೆ ಏನೂ ಕಳೆದುಕೊಳ್ಳದ ಸೌಂಡ್ ಕೊಡುವ ಡಾಲ್ಬಿ ಟ್ರೂಎಚ್‌ಡಿ ಆಗಲಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಆಗಲಿ ಆ ವೈರಿನಲ್ಲಿ ಬರುವುದಿಲ್ಲ. ಮಾಮೂಲಿ ಡಾಲ್ಬಿ ಡಿಜಿಟಲ್, ಡಿಟಿಎಸ್ ಅಷ್ಟೇ. ಡಿಸ್ಕಿಗೆ ದುಡ್ಡು ಕೊಡುವುದೇ ಆ ಸೌಂಡಿಗೆ, ಅಲ್ವಾ?

ಅದಕ್ಕೇ ಹಿಂದೆ ಎರಡು ಎಚ್‌ಡಿಎಂಐ ಇರುವ ಪ್ಲೇಯರನ್ನೇ ಹುಡುಕಿ ತಂದೆ. ಒಂದು ವೈರ್ ನೇರ ಟಿವಿಗೆ, ಚಿತ್ರಕ್ಕೆ. ಇನ್ನೊಂದು ರಿಸೀವರ್‌ಗೆ, ಬರೀ ಆಡಿಯೋಗೆ. ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಬರಿಸುವ ಹೊಸ ಡಾಲ್ಬಿ ಬಗೆ) ಡಿಸ್ಕ್ ಹಾಕಿದರೂ ಅದರೊಳಗಿನ ಟ್ರೂಎಚ್‌ಡಿ 7.1 ಅನ್ನು ಹಳೇ ರಿಸೀವರ್ ಎತ್ತಿಕೊಂಡು ನುಡಿಸುತ್ತದೆ. ರಿಸೀವರ್ ಮುಖದಲ್ಲಿ ಟ್ರೂಎಚ್‌ಡಿ ಅಂತ ಬೆಳಗಿದಾಗ ಆದ ಖುಷಿ ಚಿತ್ರ ನೋಡಿದಾಗಲೂ ಆಗಲಿಲ್ಲ.

ಆ ಅಕ್ಷರ ಕಾಣಲು ಮೆನುವಿನಲ್ಲಿ ಒಂದು ಕೆಲಸ ಇದೆ. ಬಿ.ಡಿ. (ಬ್ಲೂ-ರೇ ಡಿಸ್ಕ್) ಆಡಿಯೋ ಮಿಕ್ಸ್ ಎಂಬ ಸೆಟ್ಟಿಂಗ್ ನನ್ನದರಲ್ಲಿ ಮೊದಲೇ ಆನ್ ಆಗಿ ಬಂದಿತ್ತು. ಮೆನುವಿನ ಟಿಕ್ ಟಿಕ್ ಸದ್ದು, ನಿರ್ದೇಶಕರ ಮಾತು ಎಲ್ಲವನ್ನೂ ಸೌಂಡಿಗೆ ಬೆರೆಸಲು ಅದು ಬೇಕು. ಆದರೆ ಆನ್ ಇದ್ದರೆ ರಿಸೀವರ್‌ಗೆ ಹೋಗುವುದು ಬರೀ ಡಾಲ್ಬಿ ಡಿಜಿಟಲ್. ತಂದ ದಿನವೇ ಆಫ್ ಮಾಡಿ.

ಸೌಂಡ್ ಮೊದಲಿಗಿಂತ ಚೆನ್ನಾಗಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಬ್ಲೂ-ರೇ ಡಿಸ್ಕನ್ನು ನನ್ನ ಹಳೇ ಪ್ಲೇಯರಿನಲ್ಲೂ ಹೊಸದರಲ್ಲೂ ಹಾಕಿ ಕೇಳಿದೆ. ಏನೂ ವ್ಯತ್ಯಾಸ ಇಲ್ಲ, ಇರಲೂಬಾರದು. ಆಡಿಯೋ ಸೆಟ್ಟಿಂಗನ್ನು ಬಿಟ್‌ಸ್ಟ್ರೀಮ್‌ಗೆ ಇಟ್ಟಾಗ ಪ್ಲೇಯರ್ ಡಿಸ್ಕಿನಲ್ಲಿರುವುದನ್ನು ಹಾಗೇ ದಾಟಿಸುತ್ತದೆ. ಅದನ್ನು ಬಿಡಿಸಿ ಸೌಂಡ್ ಮಾಡುವುದು (ಡಿಕೋಡ್) ರಿಸೀವರ್. ಅನಲಾಗ್ ಔಟ್‌ಪುಟ್ ಬಳಸುವವರ ಕಥೆ ಬೇರೆ, ಅಲ್ಲಿ ಪ್ಲೇಯರಿನೊಳಗಿನ ಡ್ಯಾಕ್ (ಡಿಜಿಟಲನ್ನು ಅನಲಾಗ್ ಮಾಡುವ ಚಿಪ್) ಲೆಕ್ಕಕ್ಕೆ ಬರುತ್ತದೆ. ಉಳಿದವರು ಸೌಂಡಿಗೋಸ್ಕರ ಸುಮ್ನೆ ಪ್ಲೇಯರ್ ಬದಲಿಸಬೇಡಿ. ಆ ದುಡ್ಡು ಸ್ಪೀಕರಿಗೆ ಹಾಕಿ.

ಇನ್ನು ನನಗೆ ಬೇಸರ ತಂದ ವಿಷಯ. ಇದರ ಮುಂಭಾಗದಲ್ಲಿ ಡಿಸ್‌ಪ್ಲೇ ಇಲ್ಲ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ನನಗೆ ಬೆಳಗ್ಗೆ ಕಾಫಿ ಜೊತೆ ವೀಣೆ ಸಿಡಿ ಬೇಕು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುವಾಗಲೇ ಸಿಡಿ ಒರೆಸಿ ಹಾಕಿಬಿಡುತ್ತೇನೆ. ವರ್ಣ ಮುಗಿದು ಆಲಾಪನೆ ಶುರುವಾಗುವ ಹೊತ್ತಿಗೆ ಲೋಟ ಕೈಯಲ್ಲಿರಬೇಕು. ಕೆಲವು ದಿನ ನೇರ ನಾಲ್ಕನೇ ಟ್ರ್ಯಾಕಿಗೇ ಹೋಗುವ ಆಸೆ. ಹೊಸ ಪ್ಲೇಯರಿನಲ್ಲಿ ಎಷ್ಟನೇ ಟ್ರ್ಯಾಕ್ ಓಡುತ್ತಿದೆ ಅಂತ ತಿಳಿಯಲು ಟಿವಿ ಹಾಕಬೇಕು! ಬೆಳಗಿನ ಹೊತ್ತು ಅಷ್ಟು ದೊಡ್ಡ ಬೆಳಕು ನನಗೆ ಬೇಡ. ಒಂದು ಪುಟ್ಟ ಅಂಕಿ ತೋರಿಸಲು ಎಷ್ಟು ಖರ್ಚಾಗುತ್ತಿತ್ತು? ಇಷ್ಟು ಬೆಲೆಯ ಯಂತ್ರದಲ್ಲಿ ಆ ಖರ್ಚು ಉಳಿಸಿದ್ದು ಸಣ್ಣತನ.

ಡಿಸ್ಕ್ ಕೊಳ್ಳುವವರಿಗೆ ಒಂದು ಮಾತು. 4ಕೆ ಡಿಸ್ಕಿಗೆ ರೀಜನ್ ಕೋಡ್ (ಇಂಥ ದೇಶಗಳ ಪ್ಲೇಯರಿನಲ್ಲಿ ಮಾತ್ರ ಓಡಲಿ ಎಂಬ ಬೀಗ) ಇಲ್ಲ, ಹೊರದೇಶದಿಂದ ತರಿಸಿದ್ದೂ ಇಲ್ಲಿ ಓಡುತ್ತದೆ. ಆದರೆ ಅದೇ ಡಬ್ಬಿಯಲ್ಲಿ ಬರುವ ಮಾಮೂಲಿ ಬ್ಲೂ-ರೇ ಹಾಗಲ್ಲ. ನಮ್ಮದು ಸಿ ರೀಜನ್, ಅಮೆರಿಕದ್ದು ಎ. ಲಾಕ್ ಮಾಡಿದ್ದರೆ ಓಡುವುದಿಲ್ಲ.

ಹಳೇ ಪ್ಲೇಯರ್ ಮಾರುವ ಯೋಚನೆ ಕೈಬಿಟ್ಟಿದ್ದೇನೆ. ಅದರಲ್ಲಿ ಟ್ರ್ಯಾಕ್ ನಂಬರ್ ಕಾಣುತ್ತದೆ. ಸಿಡಿಗೆ ಅದು, ಸಿನಿಮಾಗೆ ಇದು.