ಹಿಂದಿನ ಆಕ್ಸಲ್ ಸದ್ದು: 4 ವರ್ಷ ಓಡಿಸಿದ ಪಿಕಪ್ ಬಗ್ಗೆ

ಮಂಡ್ಯ ಕಡೆಯಿಂದ ಮದ್ದೂರು ಎಳನೀರು ಮಾರುಕಟ್ಟೆಗೆ ಬಾಡಿಗೆ ಹೊಡೆಯುವ ಗಾಡಿ ನನ್ನದು. 4 ವರ್ಷಕ್ಕೆ 1.30 ಲಕ್ಷ ಕಿ.ಮೀ. ಆಗಿದೆ. ಎಂಜಿನ್ ಬಗ್ಗೆ ದೂರಿಲ್ಲ. ಸೀಟು ಬೆನ್ನು ಮುರಿಯುತ್ತದೆ. ತಲೆ ತಿಂದದ್ದು ಮಾತ್ರ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಅಚ್ಚು.

ಹೋದ ವರ್ಷ ಮಳೆ ನಿಂತ ಮೇಲೆ ಸದ್ದು ಶುರುವಾಯಿತು. ನಾಲೆ ಏರಿ ಮೇಲೆ ಗಾಡಿಯೆಲ್ಲ ಗಡಗಡ, ಏನೂ ಗೊತ್ತಾಗುತ್ತಿರಲಿಲ್ಲ. ಹೈವೇ ಹತ್ತಿ 50 ದಾಟಿದರೆ ಹಿಂದಿನಿಂದ 'ಗುಂಯ್' ಅಂತ, ದೂರದ ಆಲೆಮನೆಯಲ್ಲಿ ಗಾಣ ತಿರುಗಿದ ಹಾಗೆ. ಟೈರ್ ಇರಬಹುದು ಅಂತ ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಸದ್ದು ಹಿಂದೆಯೇ ಉಳಿಯಿತು.

ಸರ್ವಿಸ್ ಸೆಂಟರ್‌ನಲ್ಲಿ, "ಕ್ರೌನ್ ಪಿನಿಯನ್ ಹೋಗಿದೆ ಸರ್, 42 ಸಾವಿರ ಆಗುತ್ತೆ" ಅಂದರು. ಎಂಜಿನ್ ತಿರುವನ್ನು ಚಕ್ರಗಳಿಗೆ ದಾಟಿಸುವ, ಆಕ್ಸಲ್ ಒಳಗಿನ ಹಲ್ಲುಗಾಲಿ ಜೋಡಿ ಅದು. ಒಂದು ಸುತ್ತು ಓಡಿಸಿಯೂ ನೋಡಲಿಲ್ಲ!

ಕೊನೆಗೆ ಗುತ್ತಲಿನ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಬಂದರು. "ಆಕ್ಸಿಲರೇಟರ್ ಬಿಡಣ್ಣ" ಅಂದರು. ಬಿಟ್ಟೆ, ಸದ್ದು ಬದಲಾಗಲಿಲ್ಲ. "ನ್ಯೂಟ್ರಲ್ ಮಾಡು." ಅದೇ ಸದ್ದು. ಕ್ರೌನ್ ಪಿನಿಯನ್ ಸವೆದಿದ್ದರೆ ಎಳೆಯುವಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಇರುತ್ತದಂತೆ. ಆಮೇಲೆ ಖಾಲಿ ರಸ್ತೆ ನೋಡಿ ಮೆಲ್ಲಗೆ ಆ ಕಡೆ ಈ ಕಡೆ ಎಳೆಯಲು ಹೇಳಿದರು. ಬಲಕ್ಕೆ ತಿರುಗಿಸಿದಾಗ ಸದ್ದು ಏರಿತು, ಎಡಕ್ಕೆ ತಿರುಗಿಸಿದರೆ ಅಡಗಿತು. ಬಲಕ್ಕೆ ತಿರುಗಿದಾಗ ಭಾರ ಬೀಳುವುದು ಎಡ ಚಕ್ರದ ಮೇಲೆ ಅಲ್ವಾ? ಅಲ್ಲಿಗೆ ಕಳ್ಳ ಸಿಕ್ಕ: ಹಿಂದಿನ ಎಡ ಚಕ್ರದ ಬೇರಿಂಗ್.

ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಎಡಗಡೆ ಜಾಕ್ ಹಾಕಿದರು. ನನ್ನ ಅಂಗೈಯನ್ನು ಪಟ್ಟಾ (ಆಕ್ಸಲ್‌ಗೆ ಕಟ್ಟಿದ ಉಕ್ಕಿನ ಪಟ್ಟಿ ಸ್ಪ್ರಿಂಗ್) ಮೇಲೆ ಇಡಿಸಿ ಚಕ್ರ ತಿರುಗಿಸಿದರು. ಬೀಸೋ ಕಲ್ಲಿಗೆ ಮರಳು ಬಿದ್ದ ಹಾಗೆ ಜರಜರ ಅಂತ ಕೈಗೇ ಬಂತು. ಬ್ರೇಕ್ ಡ್ರಮ್ ಬಿಚ್ಚಿದರೆ ಆಯಿಲ್ ಸೀಲ್ ಸೋರಿ ಬ್ರೇಕ್ ಲೈನರ್ ಒದ್ದೆ, ಬೇರಿಂಗ್ ತುಂಬ ಗುಳಿ. ಆಕ್ಸಲ್ ಹೌಸಿಂಗ್ ಮೇಲೆ ಗಾಳಿ ಆಡಲು ಇರುವ ಪುಟಾಣಿ ಕಿಂಡಿ, ಬ್ರೀದರ್‌ನಲ್ಲಿ ನಾಲೆ ಕೆಸರು ಒಣಗಿ ಗಟ್ಟಿಯಾಗಿತ್ತು. ಒಳಗೆ ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಸೀಲಿನಿಂದ ಆಯಿಲ್ ತಳ್ಳಿದೆ. ಆರ್‌ಸಿಯಲ್ಲಿ ಇರೋದಕ್ಕಿಂತ ಜಾಸ್ತಿ ಲೋಡ್ ನಾನೂ ಹಾಕಿದ್ದೇನೆ, ಸುಳ್ಳು ಹೇಳಲ್ಲ.

ಹಳೇ ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪುಡಿ ಅಂಟಿತ್ತು. ನನಗೆ ಎದೆ ಧಸಕ್ ಅಂತು. ಅಷ್ಟು ಸವೆತ ಇದ್ದದ್ದೇ, ಹಲ್ಲಿನ ಚೂರು ಸಿಕ್ಕರೆ ಮಾತ್ರ ಹೆದರಬೇಕು ಅಂದರು. ಬೇರಿಂಗ್, ಸೀಲ್, ಲೈನರ್, 90 ನಂಬರ್ ಗೇರ್ ಆಯಿಲ್, ಕೂಲಿ ಎಲ್ಲ ಸೇರಿ 6,300 ರೂಪಾಯಿ.

ಅದಾಗಿ 18 ಸಾವಿರ ಕಿ.ಮೀ. ಓಡಿದೆ, ಗುಂಯ್ ಇಲ್ಲ. ಕ್ಲಚ್ ಬಿಡುವಾಗ 'ಟಕ್' ಅನ್ನುತ್ತಿದ್ದದ್ದು ಬೇರೆ ಕಥೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಸಡಿಲವಾಗಿತ್ತು, ಹೊಸದು ಹಾಕಿಸಿದೆ. ಸರ್ವಿಸ್ ಬಿಲ್ಲಿನಲ್ಲಿ ಪ್ರತಿ ಸಲ 'ಗ್ರೀಸಿಂಗ್' ಅಂತ ಇತ್ತು, ಗ್ರೀಸ್ ತುಂಬುವ ನಿಪ್ಪಲ್ ನೋಡಿದರೆ ಒಣ ಮಣ್ಣು.

ಗಾಡಿಗೆ ಐದರಲ್ಲಿ ಮೂರೂವರೆ ಸ್ಟಾರ್, ಸರ್ವಿಸ್‌ಗೆ ಒಂದು. ಖಾಲಿ ಬರುವಾಗ ಪಟ್ಟಾ ಬುಷ್ ಈಗಲೂ ಕಿರ್ ಕಿರ್ ಅನ್ನುತ್ತದೆ. ನಾಲೆ ತಿರುವಿನಲ್ಲೇ ಅದು ಕೇಳಿಸಿ ಮನೆಯಲ್ಲಿ ಟೀಗೆ ಇಡುತ್ತಾರೆ, ಹಾಗಾಗಿ ಸದ್ಯಕ್ಕೆ ಬಿಟ್ಟಿದ್ದೇನೆ.