ಅಮೆರಿಕದ ಮಿಕ್ಸರಿಗೆ ಊರಿನ ಕರೆಂಟು: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕೆ?

ಅಮೆರಿಕದಿಂದ ಸಂಸಾರ ಕಟ್ಟಿಕೊಂಡು ವಾಪಸ್ ಬರುವವರ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಯ ಸಾಮಾನೇ ಇರುತ್ತದೆ. ಅವನ್ನು ಬಿಚ್ಚಿದ ಮೇಲೆ ಮೊದಲು ಹುಡುಕುವುದು 230 ವೋಲ್ಟನ್ನು 110ಕ್ಕೆ ಇಳಿಸುವ ಪೆಟ್ಟಿಗೆಯನ್ನು, ಅಂದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ 500, 1000, 1500, 2000, 3000 ವ್ಯಾಟ್ ಎಂದು ಬರೆದವು ಸಿಗುತ್ತವೆ. ಹೆಚ್ಚಿನವು ಹೊರಗಿನಿಂದ ಒಂದೇ ಥರ ಕಾಣುವ ತಗಡಿನ ಡಬ್ಬಗಳು. ಒಳಗಿರುವುದು ಮಾತ್ರ ಒಂದೇ ಥರ ಅಲ್ಲ.

ದುಬೈ, ಲಂಡನ್, ಸಿಂಗಪುರ, ಸಿಡ್ನಿಯಿಂದ ಬಂದವರಿಗೆ ಈ ಪೆಟ್ಟಿಗೆ ಬೇಡವೇ ಬೇಡ. ಅಲ್ಲೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್ (ಕರೆಂಟು ಸೆಕೆಂಡಿಗೆ 50 ಆವರ್ತ); ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಪ್ಲಗ್ ಬದಲಿಸಿದರೆ ಮುಗಿಯಿತು. ಒಂದೇ ಎಚ್ಚರ: ಗಲ್ಫಿನ ದಪ್ಪ ಮೂರು ಪಿನ್ನಿನ ಪ್ಲಗ್ಗಿನೊಳಗೆ ಒಂದು ಫ್ಯೂಸ್ ಇರುತ್ತದೆ, ಆ ಪ್ಲಗ್ಗನ್ನು ಕತ್ತರಿಸಿ ನಮ್ಮದನ್ನು ಹಾಕಿದರೆ ಆ ರಕ್ಷಣೆ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಗಲ್ಫಿನಿಂದ ಬಂದ ಇಸ್ತ್ರಿಪೆಟ್ಟಿಗೆ, ಓವನ್‌ಗಳು ಎಷ್ಟೋ ಮನೆಗಳಲ್ಲಿವೆ. ಅವುಗಳ ಸಾಕೆಟ್ಟಿನ ಲೈನಿಗೆ ಸರಿಯಾದ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇದೆಯೇ ಎಂದು ನೋಡಿಕೊಂಡರೆ ಸಾಕು. ಜಪಾನಿನಿಂದ ಬಂದವರ ಕಥೆ ಬೇರೆ. ಅಲ್ಲಿಯದು 100 ವೋಲ್ಟ್, ಹಾಗಾಗಿ ಅಮೆರಿಕದವರಿಗೆಂದು ಮಾರುವ ಪೆಟ್ಟಿಗೆಯೂ ಅವರ ಸಾಮಾನಿಗೆ ಜಾಸ್ತಿಯೇ.

ಪೆಟ್ಟಿಗೆ ಕೊಳ್ಳುವ ಮುಂಚೆ ಒಂದೊಂದು ಸಾಮಾನಿನ ತಳ ತಿರುಗಿಸಿ ಚೀಟಿ ಓದಬೇಕು. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಅಡಾಪ್ಟರ್ ಒಂದೇ ಸಾಕು. ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳೆಲ್ಲ ಈ ಜಾತಿ. 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ಅದರೊಳಗೆ ಏನಿದೆ ಎಂಬುದೇ ಪ್ರಶ್ನೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಮಾರುವವರಲ್ಲಿ ಬಹಳ ಜನ ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಬರೀ ಕಾಯುವ ಸಾಮಾನಿಗೆ, ಅಂದರೆ ಟೋಸ್ಟರ್, ಕಾಫಿ ಮೇಕರ್, ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಪ್ರೆಶರ್ ಕುಕ್ಕರಿನಂಥವಕ್ಕೆ, ಹರ್ಟ್ಸಿನ ಗೊಡವೆ ಇಲ್ಲ. ಆದರೆ ಶಾಖ ವೋಲ್ಟಿನ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ. 120 ವೋಲ್ಟಿಗೆ 1000 ವ್ಯಾಟ್ ಎಳೆಯುವ ಪಾಟ್ 110 ವೋಲ್ಟಿನಲ್ಲಿ ಸುಮಾರು 840 ವ್ಯಾಟ್ ಮಾತ್ರ ಎಳೆಯುತ್ತದೆ. ಬೇಳೆ ಬೇಯುತ್ತದೆ, ಪ್ರೆಶರ್ ಏರುವುದು ಮಾತ್ರ ತಡ. ಅದೇ ಪಾಟನ್ನು ಮರೆತು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಅಷ್ಟರೊಳಗೇ ಸುಟ್ಟಿರುತ್ತದೆ.

ಕಾರ್ಬನ್ ಬ್ರಷ್ ಇರುವ ಮೋಟರಿಗೂ 50 ಹರ್ಟ್ಸಿನಿಂದ ತೊಂದರೆಯಿಲ್ಲ. ಮಿಕ್ಸಿ, ವೈಟಾಮಿಕ್ಸ್‌ನಂಥ ಬ್ಲೆಂಡರ್, ಕಿಚನ್‌ಏಡ್‌ನ ಹಿಟ್ಟು ನಾದುವ ಮಿಕ್ಸರ್, ಮನೆಯ ಹೊಲಿಗೆಯಂತ್ರಗಳಲ್ಲಿ ಬಹುಪಾಲು, ಇವು ಪೆಟ್ಟಿಗೆಯ ಮೇಲೆ ಚೆನ್ನಾಗಿಯೇ ಓಡುತ್ತವೆ. ಎಡವುವುದು ಬ್ರಷ್ ಇಲ್ಲದ ಇಂಡಕ್ಷನ್ ಮೋಟರಿನಲ್ಲಿ. 60 ಹರ್ಟ್ಸಿಗೆ ಸುತ್ತಿದ ಮೋಟರನ್ನು 50ರಲ್ಲಿ ಓಡಿಸಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ಕೋರ್, ಅಂದರೆ ಸುರುಳಿಯೊಳಗಿನ ಕಬ್ಬಿಣ, ಮಿತಿಮೀರಿ ಕಾಯುತ್ತದೆ. ಫ್ರಿಜ್ಜು, ವಾಷಿಂಗ್ ಮಷೀನು, ಟೇಬಲ್ ಫ್ಯಾನು ತರಬಾರದು ಎನ್ನುವುದು ಇದಕ್ಕೇ. ಅಮೆರಿಕದ ಬಟ್ಟೆ ಒಣಗಿಸುವ ಯಂತ್ರದ ಮೇಲೆ 240 ಎಂದು ಬರೆದಿರುವುದನ್ನು ನೋಡಿ ಮೋಸಹೋಗಬಾರದು. ಅದರ ಕಾಯಿಲ್ಲಿಗೆ 240 ಸರಿ, ಮೋಟರಿಗೆ ಬೇಕಿರುವುದು 120. ಮೈಕ್ರೋವೇವಿನೊಳಗಿನ ಭಾರದ ಟ್ರಾನ್ಸ್‌ಫಾರ್ಮರ್ ಕೂಡ 60ಕ್ಕೇ ಅಳತೆ ಮಾಡಿದ್ದು. ಕರೆಂಟಿನ ಆವರ್ತ ಎಣಿಸಿ ಓಡುವ ಗಡಿಯಾರವಂತೂ ಗಂಟೆಗೆ ಹತ್ತು ನಿಮಿಷ, ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಟೈಮರ್ ಇಟ್ಟು ಬೆಳಗ್ಗೆ ಆರಕ್ಕೆ ಆಗಬೇಕಿದ್ದ ಬ್ರೆಡ್ಡು ತಿಂಡಿ ಹೊತ್ತಿಗೂ ಆಗದಿದ್ದರೆ ಕಾರಣ ಇದು.

ಇಲ್ಲೊಂದು ವಿಚಿತ್ರವಿದೆ. ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಸಿಗುವ ನಮ್ಮದೇ ಕಂಪನಿಗಳ 110 ವೋಲ್ಟಿನ ವೆಟ್ ಗ್ರೈಂಡರುಗಳು. ತಮಿಳುನಾಡಿನಲ್ಲಿ ತಯಾರಾಗಿ, ಸಮುದ್ರ ದಾಟಿ, ಈಗ ಮತ್ತೆ ದಾಟಿ ಬಂದಿರುತ್ತವೆ. ಜೊತೆಗೆ ಬಂದ ಮಿಕ್ಸಿ ಪೆಟ್ಟಿಗೆಯ ಮೇಲೆ ಓಡುತ್ತದೆ, ಗ್ರೈಂಡರ್ ಓಡಬಾರದು, ಏಕೆಂದರೆ ಅದರದ್ದು ಇಂಡಕ್ಷನ್ ಮೋಟರ್. ಅರ್ಧ ಗಂಟೆ ಉದ್ದು ತಿರುವಿದರೆ ಮೋಟರಿನ ಸುರುಳಿಯ ವಾರ್ನಿಶ್ ಸುಡುವ ವಾಸನೆ ಬರುತ್ತದೆ. ಕಲ್ಲುಗಳನ್ನೂ ಡ್ರಮ್ಮನ್ನೂ ಉಳಿಸಿಕೊಂಡು, ಅದೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ 230 ವೋಲ್ಟಿನ ಮೋಟರ್ ಹಾಕಿಸಲು ಸಾಧ್ಯವೇ ಎಂದು ಕೇಳುವುದು ಜಾಣತನ.

ಇನ್ನು ಪೆಟ್ಟಿಗೆಯ ವಿಷಯ. ಪ್ರಯಾಣಕ್ಕೆಂದು ಮಾರುವ, ಅಂಗೈಯಲ್ಲಿ ಹಿಡಿಯುವ 1600 ವ್ಯಾಟಿನ ಹಗುರ ಕನ್ವರ್ಟರುಗಳನ್ನು ಇಲ್ಲಿಗೇ ಬಿಡೋಣ. ಅವು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಬೋರ್ಡು ಇರುವ ಯಾವ ಸಾಮಾನಿಗೂ ಆಗದು. ನಿಜವಾದ ಟ್ರಾನ್ಸ್‌ಫಾರ್ಮರಿಗೆ ತೂಕ ಇರಲೇಬೇಕು. ಅದರಲ್ಲಿ ಎರಡು ಬಗೆ. ಎರಡು ಬೇರೆ ಬೇರೆ ಸುರುಳಿಗಳಿರುವ ಐಸೊಲೇಶನ್ ಬಗೆ ಭಾರ, ದುಬಾರಿ, ಸುರಕ್ಷಿತ. ಒಂದೇ ಸುರುಳಿಯ ನಡುವಿನಿಂದ ತಂತಿ ತೆಗೆಯುವ ಆಟೊಟ್ರಾನ್ಸ್‌ಫಾರ್ಮರಿಗೆ ಅರ್ಧದಷ್ಟು ಕೋರ್ ಸಾಕು, ಹಾಗಾಗಿ ಅಗ್ಗ. ಅಂಗಡಿಯಲ್ಲಿ ಕೇಳದೆ ಕೊಂಡರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ. ಇದರಲ್ಲಿ ಕೆಳಗಿನ ಅರ್ಧ ಸುರುಳಿ ತುಂಡಾದರೆ ಸಾಮಾನಿನ ಕಡೆಗೆ ನೇರ 230ರ ದಾರಿ ತೆರೆದುಕೊಳ್ಳುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಹೊರಬರುವ ಎರಡೂ ತಂತಿಗಳು ಮುಟ್ಟಿದರೆ ಶಾಕ್ ಹೊಡೆಯುವಂತಿರುತ್ತವೆ. ಅರ್ಥ್ ತೂತು ಮೇಲೆ ಬರುವಂತೆ ಎದುರು ನಿಂತಾಗ ಫೇಸ್ ಬಲಗಡೆ ಇರಬೇಕು; ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು. ಹಳೆಯ ಮನೆಗಳಲ್ಲಿ ಇದನ್ನು ನೋಡದೆ ಆಟೊ ಬಗೆ ಬಳಸಲೇಬಾರದು.

ಅನುಪಾತ 230ಕ್ಕೆ 115, ಅಂದರೆ ಸರಿಯಾಗಿ ಅರ್ಧ, ಇದ್ದರೆ ಒಳ್ಳೆಯದು. ರಾತ್ರಿ ಲೋಡು ಇಳಿದು ಲೈನು 250 ಮುಟ್ಟಿದರೂ ಸಾಮಾನಿಗೆ 125 ಸಿಗುತ್ತದೆ, ತಡೆದುಕೊಳ್ಳುತ್ತದೆ. 230ಕ್ಕೆ 120 ಎಂದಿರುವುದರಲ್ಲಿ ಅದೇ ಹೊತ್ತಿಗೆ 130 ಆಗುತ್ತದೆ. ಇದು ಸ್ಟೆಬಿಲೈಜರ್ ಅಲ್ಲ, ಬಂದದ್ದನ್ನು ಅರ್ಧ ಮಾಡುತ್ತದೆ ಅಷ್ಟೆ.

ಅಗ್ಗದ ಪೆಟ್ಟಿಗೆಗಳ ಅತಿ ದೊಡ್ಡ ಕುಂದು ಪ್ಲಗ್ಗಿನಲ್ಲಿದೆ. 1500 ವ್ಯಾಟ್ ಎಂದರೆ 230 ವೋಲ್ಟಿನ ಕಡೆ ಆರೂವರೆ ಆಂಪಿಯರ್. ಅದಕ್ಕೆ ಸಣ್ಣ ಪ್ಲಗ್ ಕೊಟ್ಟಿದ್ದರೆ ಪಿನ್ನು ಕಾದು ಸಾಕೆಟ್ ಕಂದುತ್ತದೆ. ಗೀಸರಿಗೆ ಹಾಕುವಂಥ ದಪ್ಪ ಪಿನ್ನಿನ ಪ್ಲಗ್ಗೇ ಇರಬೇಕು, ಪವರ್ ಪಾಯಿಂಟಿಗೇ ಸಿಕ್ಕಿಸಬೇಕು. ಎರಡನೆಯದು ಅರ್ಥಿಂಗ್. ಪೆಟ್ಟಿಗೆಯ ಮೇಲಿನ ಅಮೆರಿಕದ ಸಾಕೆಟ್ಟಿನಲ್ಲಿ ಮೂರನೆಯ ತೂತು ಇರುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಒಳಗೆ ಅದಕ್ಕೆ ತಂತಿಯೇ ಇರುವುದಿಲ್ಲ. ಗೋಡೆಯಿಂದ ಪ್ಲಗ್ ತೆಗೆದು, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಪ್ಲಗ್ಗಿನ ಅರ್ಥ್ ಪಿನ್ನಿಗೂ ಆ ತೂತಿಗೂ ಮುಟ್ಟಿಸಿ ನೋಡಿದರೆ ಗೊತ್ತಾಗುತ್ತದೆ: ಬೀಪ್ ಬರದಿದ್ದರೆ ತಂತಿ ಇಲ್ಲ.

ಅಂಗಡಿಯಲ್ಲಿ ಮುಚ್ಚಳ ತೆಗೆಸಿ ನೋಡಲು ಸಂಕೋಚ ಬೇಡ. ಸುರುಳಿಯ ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಕೆಂಪಗಿದ್ದರೆ ತಾಮ್ರ. ಲೋಡಿಲ್ಲದಾಗ 115 ಇದ್ದ ವೋಲ್ಟು ಬರೆದಿರುವಷ್ಟು ಲೋಡ್ ಹಾಕಿದಾಗ 108ಕ್ಕಿಂತ ಕೆಳಗೆ ಕುಸಿದರೆ ಬರೆದ ವ್ಯಾಟ್ ಸುಳ್ಳು. ಅರ್ಧ ಗಂಟೆ ಓಡಿಸಿದ ಮೇಲೆ ತಗಡಿನ ಮೇಲೆ ಕೈ ಇಡಲು ಆಗಬೇಕು. ಗುಂಯ್ ಸದ್ದು ಸ್ವಲ್ಪ ಇದ್ದೇ ಇರುತ್ತದೆ.

ಅಳತೆಗೆ ಒಂದು ಒರಟು ಲೆಕ್ಕ: ಕಾಯುವ ಸಾಮಾನಿಗೆ ಚೀಟಿಯ ವ್ಯಾಟಿನ ಒಂದೂಕಾಲು ಪಟ್ಟು, ಮೋಟರಿಗೆ ಎರಡು ಪಟ್ಟು. 325 ವ್ಯಾಟಿನ ಕಿಚನ್‌ಏಡ್‌ಗೆ 750 ಧಾರಾಳ. 1400 ವ್ಯಾಟಿನ ಆಸುಪಾಸಿನ ಬ್ಲೆಂಡರನ್ನು 1500ರ ಪೆಟ್ಟಿಗೆಗೆ ಹಾಕಿದರೆ ಜ್ಯೂಸು ಆಗುತ್ತದೆ, ಗಟ್ಟಿ ಚಟ್ನಿಗೆ ಫ್ಯೂಸ್ ಹೋಗುತ್ತದೆ. ಮನೆಯಲ್ಲಿ ಒಂದೇ ಪೆಟ್ಟಿಗೆ ಇಡುವುದಾದರೆ ತಾಮ್ರದ 1500ರದ್ದು ಸರಿ, ಪಾಟು ಮಿಕ್ಸರು ಎರಡಕ್ಕೂ ಆಗುತ್ತದೆ. 3000ದ್ದು ಹೆಚ್ಚಿನವರಿಗೆ ಬೇಡ. ಸ್ವಿಚ್ ಒತ್ತಿದ ಕ್ಷಣ ಅದು ಎಳೆಯುವ ಕರೆಂಟಿಗೇ ಎಂಸಿಬಿ ಬೀಳಬಹುದು, ಬಳಕೆಯೋ ಹೆಚ್ಚಾಗಿ 1875 ವ್ಯಾಟಿನ ಹೇರ್ ಡ್ರೈಯರಿಗೆ. ಡ್ರೈಯರನ್ನು ಇಲ್ಲೇ ಕೊಂಡರೆ ಪೆಟ್ಟಿಗೆಗಿಂತ ಅಗ್ಗ.

ಕರೆಂಟು ಹೋದಾಗ ಮನೆಯ ಯುಪಿಎಸ್ ಮೇಲೆ ಈ ಪೆಟ್ಟಿಗೆಯನ್ನು ಓಡಿಸಬೇಡಿ. ಯುಪಿಎಸ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಬಗೆಯದಾದರೆ ಟ್ರಾನ್ಸ್‌ಫಾರ್ಮರ್ ಕಿರುಚಿ ಕಾಯುತ್ತದೆ. ಸೈನ್ ವೇವ್ ಆದರೂ 850 ವಿಎ ಯುಪಿಎಸ್ಸಿಗೆ 1000 ವ್ಯಾಟಿನ ಪಾಟು ಹೊರಲಾಗದು. ಕೆಲಸವಾದ ಮೇಲೆ ಗೋಡೆಯ ಸ್ವಿಚ್ ಆರಿಸಬೇಕು: ಸುಮ್ಮನೆ ಕೂತೇ 25 ವ್ಯಾಟ್ ತಿಂದರೆ ತಿಂಗಳಿಗೆ 18 ಯೂನಿಟ್.

ಕೊನೆಗೆ, ಪೆಟ್ಟಿಗೆ ಬಂದ ದಿನವೇ ಅಡುಗೆಮನೆಯಲ್ಲಿರುವ ಪಿನ್ ಅಡಾಪ್ಟರುಗಳನ್ನೆಲ್ಲ ಎತ್ತಿ ಬೀರುವಿನಲ್ಲಿಡಿ. ಅಮೆರಿಕದ ಸಾಮಾನು ಹೆಚ್ಚಾಗಿ ಸುಡುವುದು ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದಲ್ಲ, ಮನೆಗೆಲಸದವರೋ ಬಂದ ನೆಂಟರೋ ಎದುರಿಗೆ ಸಿಕ್ಕ ಅಡಾಪ್ಟರಿನಲ್ಲಿ ಪ್ಲಗ್ ಸಿಕ್ಕಿಸಿ ಗೋಡೆಗೆ ಹಾಕಿದಾಗ. 120ರ ಪ್ರತಿ ವೈರಿನ ತುದಿಗೂ ಕೆಂಪು ಟೇಪ್ ಸುತ್ತಿ, ಕೆಂಪು ಟೇಪಿನದು ಪೆಟ್ಟಿಗೆಗೆ ಮಾತ್ರ ಎಂದು ಮನೆಯವರಿಗೆಲ್ಲ ಹೇಳಿಟ್ಟಿರಬೇಕು.